ಅನುಗ್ರಹವೋ, ಅಧಿಕಾರವೋ? ಪ್ರಸೂತಿ ಶಾಸನಗಳ ವಾಕ್ಯಾರ್ಥವಿಚಾರ

೧

ಕಾಯಿದೆಯು ಮೊದಲು ವಾಕ್ಯ, ಅನಂತರ ಆಜ್ಞೆ. ವಾಕ್ಯಕ್ಕೆ ಇಂತಹುದೇ ಅರ್ಥವೆಂದು ನಿರ್ಣಯವಾಗುವವರೆಗೆ ಆಜ್ಞೆಯು ಯಾರನ್ನು ಕುರಿತದ್ದು, ಏನನ್ನು ವಿಧಿಸುತ್ತದೆ, ಅದರ ಫಲವು ಯಾರಿಗೆ ಸಲ್ಲತಕ್ಕದ್ದು ಎಂಬ ಮೂರು ಅಂಶಗಳೂ ಅನಿಶ್ಚಿತವಾಗಿಯೇ ಉಳಿಯುವುವು. ಆದುದರಿಂದಲೇ ನ್ಯಾಯಸ್ಥಾನಗಳಲ್ಲಿ ನಡೆಯುವ ವಾದಗಳಲ್ಲಿ ಬಹುಭಾಗವು ಶಬ್ದಾರ್ಥವನ್ನು ಕುರಿತ ವಾದವಾಗಿದೆ. ಪದಕ್ಕೆ ವ್ಯಾಕರಣ, ವಾಕ್ಯಕ್ಕೆ ಮೀಮಾಂಸೆ, ಪ್ರಮಾಣಕ್ಕೆ ತರ್ಕ ಎಂದು ಪೂರ್ವಿಕರು ಮಾಡಿಟ್ಟ ವಿಭಾಗವು ವೇದವಾಕ್ಯಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ವಿಧಿರೂಪವಾದ ವಾಕ್ಯವೆಲ್ಲಕ್ಕೂ ಅದು ಸಲ್ಲುವುದು. ಕಾವ್ಯವನ್ನು ವಿಮರ್ಶಿಸುವವರು ಶಾಸನವಾಕ್ಯವನ್ನು ವಕೀಲರಿಗೆ ಬಿಟ್ಟು ಸುಮ್ಮನಿರುವುದಕ್ಕೆ ತಕ್ಕ ಕಾರಣವಿಲ್ಲ.

ಭಾರತದಲ್ಲಿ ಸ್ತ್ರೀಯರ ಉದ್ಯೋಗವನ್ನೂ ಅವರ ಕುಟುಂಬಜೀವನವನ್ನೂ ಒಟ್ಟಿಗೆ ಕಾಪಾಡುವ ಉದ್ದೇಶದಿಂದ ಹುಟ್ಟಿದ ಶಾಸನಗಳಲ್ಲಿ ೧೯೬೧ರ ಪ್ರಸೂತಿ ಸೌಲಭ್ಯ ಕಾಯಿದೆಯು ಮುಖ್ಯವಾದದ್ದು. ೨೦೧೭ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಗಿ ಹನ್ನೆರಡು ವಾರಗಳ ವೇತನಸಹಿತ ವಿರಾಮವು ಇಪ್ಪತ್ತಾರು ವಾರಗಳಾಯಿತು. ಬಳಿಕ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ೨೦೨೫ನೆಯ ನವೆಂಬರು ೨೧ರಂದು ಜಾರಿಗೆ ಬಂದು, ಹಳೆಯ ಕಾಯಿದೆಯ ಸ್ಥಾನವನ್ನು ಅದರ ಆರನೆಯ ಅಧ್ಯಾಯವು ಪಡೆಯಿತು. ಕಾಯಿದೆಯ ಹೆಸರು ಹೋದರೂ ಅದರ ವಾಕ್ಯಗಳು ಬಹುಮಟ್ಟಿಗೆ ಅವೇ ಆಗಿವೆ. ಆದುದರಿಂದ ಆ ವಾಕ್ಯಗಳನ್ನು ಕುರಿತು ಅರ್ಧ ಶತಮಾನಕ್ಕೂ ಮೀರಿ ನಡೆದ ಅರ್ಥನಿರ್ಣಯವು ಇಂದಿಗೂ ಪ್ರಯೋಜನಕರವೇ.

ಈ ವಿಷಯದಲ್ಲಿ ವಿದ್ಯಾವಂತರ ನಡುವೆ ಎರಡು ಪಕ್ಷಗಳು ಕಾಣುತ್ತವೆ. ಇಂತಹ ಶಾಸನಗಳು ಪಾಶ್ಚಾತ್ಯರಿಂದ ಎರವು ತಂದವು, ಈ ದೇಶದ ವಿಚಾರಪದ್ಧತಿಗೂ ಅವಕ್ಕೂ ಸಂಬಂಧವಿಲ್ಲ ಎಂಬುದು ಒಂದು. ಇವೆಲ್ಲವೂ ಕೌಟಿಲ್ಯ ಶುಕ್ರಾಚಾರ್ಯರ ಕಾಲದಲ್ಲಿಯೇ ಇದ್ದವು, ಹೊಸದಾಗಿ ಕಲಿಯತಕ್ಕದ್ದೇನೂ ಇಲ್ಲ ಎಂಬುದು ಮತ್ತೊಂದು. ಗ್ರಂಥಗಳನ್ನು ಸಾವಧಾನವಾಗಿ ನೋಡಿದರೆ ಎರಡೂ ನಿಲ್ಲಲಾರವು. ಪ್ರಾಚೀನ ಗ್ರಂಥಗಳಲ್ಲಿ ದುಡಿಯುವ ಸ್ತ್ರೀಯ ಬಗೆಗೆ ಅನುಗ್ರಹವು ಧಾರಾಳವಾಗಿದೆ, ಅಧಿಕಾರವು ವಿರಳ. ಆದರೆ ಅನುಗ್ರಹವನ್ನೂ ಅಧಿಕಾರವನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಕಲಿಸಿಕೊಡುವ ಶಾಸ್ತ್ರವು ಈ ದೇಶದ್ದೇ ಆಗಿದೆ.

೨

ಮೊದಲು ಅರ್ಥಶಾಸ್ತ್ರವನ್ನು ನೋಡಬಹುದು. ಮೈಸೂರು ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿ ಪ್ರಪಂಚಕ್ಕೆ ತಿಳಿಯಪಡಿಸಿದುದು ಕನ್ನಡನಾಡಿನ ವಿದ್ವತ್ತಿಗೆ ಸಂದ ಕೀರ್ತಿ. ಅದರ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನ ಪ್ರಕರಣವೊಂದಿದೆ. ನೂಲುವ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕೆಂದು ಹೇಳುವಾಗ ಗ್ರಂಥಕಾರನು ವಿಧವೆಯರು, ಅಂಗವಿಕಲೆಯರು, ಕನ್ಯೆಯರು, ಸನ್ಯಾಸಿನಿಯರು, ದಂಡವನ್ನು ದುಡಿಮೆಯಿಂದ ತೀರಿಸಬೇಕಾದವರು, ಮುದುಕಿಯರಾದ ರಾಜದಾಸಿಯರು, ದೇವಾಲಯದ ಸೇವೆ ಮುಗಿದ ದೇವದಾಸಿಯರು ಮೊದಲಾದವರನ್ನು ಎಣಿಸುತ್ತಾನೆ. ಮನೆಯಿಂದ ಹೊರಕ್ಕೆ ಬಾರದ ಸ್ತ್ರೀಯರಿಗೆ ತನ್ನ ದಾಸಿಯರ ಮೂಲಕ ಮರ್ಯಾದೆಯಿಂದ ಕೆಲಸವನ್ನು ಕಳುಹಿಸಬೇಕು. ತಾವಾಗಿ ನೂಲಿನ ಶಾಲೆಗೆ ಬರುವವರಿಗೆ ನಸುಕಿನಲ್ಲಿಯೇ ನೂಲನ್ನು ತೆಗೆದುಕೊಂಡು ಕೂಲಿ ಕೊಡಬೇಕು. ದೀಪವು ನೂಲಿನ ಪರೀಕ್ಷೆಗಷ್ಟೇ ಇರಬೇಕು. ಅಧಿಕಾರಿಯು ಹೆಂಗಸಿನ ಮುಖವನ್ನು ನೋಡಿದರೂ ಕೆಲಸಕ್ಕೆ ಸಂಬಂಧಪಡದ ಮಾತನ್ನು ಆಡಿದರೂ ಪ್ರಥಮ ಸಾಹಸದಂಡ. ಕೂಲಿ ಕೊಡುವ ಕಾಲವನ್ನು ಮೀರಿದರೆ ಮಧ್ಯಮ ಸಾಹಸದಂಡ.

ಕಾರ್ಯಸ್ಥಾನದಲ್ಲಿ ಸ್ತ್ರೀಯರಿಗೆ ಒದಗುವ ಲೈಂಗಿಕ ಕಿರುಕುಳವನ್ನು ತಡೆಯಲು ೨೦೧೩ರಲ್ಲಿ ಆದ ಕಾಯಿದೆಗೆ ಇದೇ ಮೂಲವೆಂದು ಉತ್ಸಾಹಿಗಳು ಹೇಳುವುದುಂಟು. ಸಾದೃಶ್ಯವಿರುವುದು ನಿಜ. ಆದರೆ ಪ್ರಕರಣವನ್ನು ಅಷ್ಟಕ್ಕೇ ನಿಲ್ಲಿಸಿ ಓದುವುದು ನ್ಯಾಯವಲ್ಲ. ಅದೇ ಪ್ರಕರಣದಲ್ಲಿ, ಕೂಲಿಯನ್ನು ಪಡೆದು ಕೆಲಸ ಮಾಡದ ಹೆಂಗಸಿಗೆ ಹೆಬ್ಬೆರಳನ್ನೂ ಅದರೊಡನೆ ಕೂಡುವ ಬೆರಳನ್ನೂ ಕತ್ತರಿಸುವ ಶಿಕ್ಷೆಯು ಹೇಳಲ್ಪಟ್ಟಿದೆ. ನೂಲುವವಳಿಗೆ ಆ ಎರಡು ಬೆರಳುಗಳೇ ಜೀವನ. ಉಪಕ್ರಮದಲ್ಲಿ ಮರ್ಯಾದೆಯನ್ನೂ ಉಪಸಂಹಾರದಲ್ಲಿ ಈ ಕ್ರೌರ್ಯವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಪ್ರಕರಣದ ತಾತ್ಪರ್ಯವು ಸ್ಪಷ್ಟವಾಗುತ್ತದೆ. ಕೋಶಕ್ಕೆ ನೂಲು ಬರಬೇಕು, ಕುಲಸ್ತ್ರೀಯರ ಮಾನವು ಉಳಿಯಬೇಕು: ಇವೆರಡೇ ಇಲ್ಲಿ ಪ್ರಧಾನ. ಅಧಿಕಾರಿಗೆ ದಂಡವಾಗುವುದು ಹೆಂಗಸಿನ ಮಾನಕ್ಕೆ ಕುಂದು ತಂದುದಕ್ಕಾಗಿ. ಆಕೆಯ ಸಮತೆಗೆ ಭಂಗ ತಂದುದಕ್ಕಾಗಿ ಅಲ್ಲ.

ಇದಕ್ಕಿಂತ ಹೆಚ್ಚು ವಿಚಾರಾರ್ಹವಾದವು ಬೇರೆ ಎರಡು ಸ್ಥಳಗಳು. ಮೂರನೆಯ ಅಧಿಕರಣದ ದಾಸಕರ್ಮಕರ ಪ್ರಕರಣದಲ್ಲಿ, ಬಸುರಿಯಾದ ದಾಸಿಯ ಪೋಷಣೆಗೆ ಏರ್ಪಾಡು ಮಾಡದೆ ಆಕೆಯನ್ನು ಮಾರಿದವನಿಗೂ ಒತ್ತೆಯಿಟ್ಟವನಿಗೂ ಪ್ರಥಮ ಸಾಹಸದಂಡವು ವಿಧಿಸಲ್ಪಟ್ಟಿದೆ. ಕೊಂಡವನೂ ಸಾಕ್ಷಿಗಳೂ ಅದೇ ದಂಡಕ್ಕೆ ಗುರಿಯಾಗುವರು. ಬಸುರಿನ ಪೋಷಣೆಗೆ ಆ ಪ್ರಕರಣದಲ್ಲಿ ಗರ್ಭಭರ್ಮ ಎಂಬ ಪ್ರತ್ಯೇಕ ಪದವೇ ಇದೆ. ಪರಿಭಾಷೆಯೊಂದು ಹುಟ್ಟಬೇಕಾದರೆ ಆ ವಸ್ತುವಿನ ವ್ಯವಹಾರವು ಲೋಕದಲ್ಲಿ ಸಾಕಷ್ಟು ನಡೆದಿರಬೇಕಾದುದರಿಂದ ಇದು ಚಿಂತನೀಯ. ಐದನೆಯ ಅಧಿಕರಣದ ಭೃತ್ಯಭರಣೀಯ ಪ್ರಕರಣದಲ್ಲಿ, ಕಾರ್ಯದಲ್ಲಿರುವಾಗ ಸತ್ತವರ ಮಕ್ಕಳಿಗೂ ಹೆಂಡತಿಗೂ ಅನ್ನವೇತನಗಳು ಸಲ್ಲಬೇಕೆಂದೂ, ಭೃತ್ಯರ ಮನೆಯಲ್ಲಿ ಸಾವು, ರೋಗ, ಹೆರಿಗೆಗಳಾದಾಗ ರಾಜನು ಹಣದಿಂದಲೂ ಮನ್ನಣೆಯಿಂದಲೂ ಅವರನ್ನು ನೋಡಿಕೊಳ್ಳಬೇಕೆಂದೂ ಹೇಳಿದೆ. ಇಲ್ಲಿ ಹೆರಿಗೆಯ ಖರ್ಚು ರಾಜಕೋಶದ್ದೆಂಬ ಅಂಶವನ್ನು ನೆನಪಿನಲ್ಲಿಡತಕ್ಕದ್ದು. ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಶುಕ್ರನೀತಿಯಲ್ಲಿ ಇನ್ನೂ ಸ್ಫುಟವಾದ ನಿಯಮಗಳು ದೊರೆಯುತ್ತವೆ. ನಾಲ್ವತ್ತು ವರ್ಷ ಸೇವೆ ಮಾಡಿದವನಿಗೆ ಸೇವೆಯಿಲ್ಲದೆಯೇ ಜೀವಾವಧಿ ಅರ್ಧವೇತನ, ಆತನ ಕಾಲಾನಂತರ ಎಳೆಯ ಮಗನಿಗಾಗಲಿ ಹೆಂಡತಿಗಾಗಲಿ ಮಗಳಿಗಾಗಲಿ ಅದರಲ್ಲಿ ಒಂದು ಪಾಲು, ರೋಗಪೀಡಿತನಾದ ಸೇವಕನಿಗೆ ಸೇವಾಕಾಲಕ್ಕೆ ತಕ್ಕಂತೆ ವೇತನ ಎಂಬಿವನ್ನು ಓದಿದವರು ಅಚ್ಚರಿಪಡುವುದು ಸಹಜ. ಆದರೆ ಗ್ರಂಥದ ಕಾಲವನ್ನು ನಿರ್ಣಯಿಸದೆ ಅದನ್ನು ಪ್ರಾಚೀನತೆಗೆ ಸಾಕ್ಷಿಯಾಗಿ ಕರೆಯಕೂಡದು. ಈ ಗ್ರಂಥವು ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ಲಲ್ಲನಜೀ ಗೋಪಾಲರು ೧೯೬೨ರಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ಆ ಮತವು ನಿಂತರೆ, ಆಂಗ್ಲರ ಆಳ್ವಿಕೆಯಲ್ಲಿ ಪಿಂಚಣಿಯನ್ನು ಕಂಡ ಪಂಡಿತನೊಬ್ಬನು ಅದನ್ನು ಶ್ಲೋಕಕ್ಕೆ ಇಳಿಸಿರಬಹುದೆಂಬ ಸಂದೇಹವು ತಾನಾಗಿ ಏಳುವುದು. ಸಂದಿಗ್ಧವಾದ ಹೇತುವಿನಿಂದ ಸಾಧ್ಯವು ಸಿದ್ಧಿಸದು.

ಒಟ್ಟಿನಲ್ಲಿ ಈ ಗ್ರಂಥಗಳಲ್ಲಿ ಬಸುರಿಯನ್ನೂ ಬಾಣಂತಿಯನ್ನೂ ಕಾಪಾಡಬೇಕೆಂಬ ಬುದ್ಧಿ ಇದ್ದುದು ನಿಶ್ಚಯ. ಆದರೆ ಕಾಪಾಡುವ ವಾಕ್ಯದ ಕರ್ತೃ ರಾಜನು ಅಥವಾ ಒಡೆಯನು. ಸ್ತ್ರೀಯು ಅದರಲ್ಲಿ ಕರ್ಮಸ್ಥಾನದಲ್ಲಿಯೋ ಸಂಪ್ರದಾನಸ್ಥಾನದಲ್ಲಿಯೋ ನಿಲ್ಲುತ್ತಾಳೆ. ಆಕೆಯೇ ಕರ್ತೃಸ್ಥಾನದಲ್ಲಿ ನಿಂತು ತನ್ನದನ್ನು ಕೇಳಿ ಪಡೆಯುವ ವಾಕ್ಯವನ್ನು ಹುಡುಕಬೇಕಾದರೆ ಅರ್ಥಶಾಸ್ತ್ರವನ್ನು ಬಿಟ್ಟು ಬೇರೆ ಶಾಸ್ತ್ರಕ್ಕೆ ಹೋಗಬೇಕು.

೩

ಆ ಶಾಸ್ತ್ರವು ಜೈಮಿನಿಯ ಪೂರ್ವಮೀಮಾಂಸೆ. ಅದರ ಆರನೆಯ ಅಧ್ಯಾಯಕ್ಕೆ ಅಧಿಕಾರವೇ ವಿಷಯ. ಅಧಿಕಾರವೆಂದರೆ ಇಂದಿನ ಕನ್ನಡದಲ್ಲಿ ರೂಢವಾಗಿರುವಂತೆ ಪರರ ಮೇಲೆ ನಡೆಸುವ ಪ್ರಭುತ್ವವಲ್ಲ. ಕರ್ಮವನ್ನು ಮಾಡುವ ಯೋಗ್ಯತೆಯೂ ಅದರ ಫಲಕ್ಕೆ ಸ್ವಾಮಿಯಾಗುವಿಕೆಯೂ ಅಧಿಕಾರ. ಈಗ ಹಕ್ಕು ಎಂಬ ಮಾತಿನಿಂದ ಜನರು ಯಾವುದನ್ನು ಹೇಳುತ್ತಾರೋ ಅದಕ್ಕೆ ಇದು ಅತ್ಯಂತ ಸಮೀಪವಾದದ್ದು.

ಸ್ವರ್ಗವನ್ನು ಬಯಸುವವನು ಯಾಗ ಮಾಡಬೇಕೆಂಬ ವಿಧಿಯಲ್ಲಿ ಬಯಸುವವನು ಎಂಬ ಪದವು ಪುಲ್ಲಿಂಗದಲ್ಲಿದೆ. ಅದರಿಂದ ಪುರುಷನಿಗೆ ಮಾತ್ರ ಯಾಗಾಧಿಕಾರವೆಂದು ಐತಿಶಾಯನನ ಮತ. ಬಾದರಾಯಣನ ಮತವನ್ನು ಹಿಡಿದು ಜೈಮಿನಿಯು ಇದನ್ನು ನಿರಾಕರಿಸುತ್ತಾನೆ. ಆ ಪದವು ಫಲವನ್ನು ಬಯಸುವವರೆಂಬ ಜಾತಿಯನ್ನು ಹೇಳುತ್ತದೆ. ಲಿಂಗವು ಅಲ್ಲಿ ವಿವಕ್ಷಿತವಲ್ಲ. ಬಯಕೆಯು ಸ್ತ್ರೀಯಲ್ಲಿಯೂ ಸಮಾನವಾಗಿದೆ. ಪೂರ್ವಪಕ್ಷಿಯು ಸುಮ್ಮನಾಗುವುದಿಲ್ಲ. ಯಾಗಕ್ಕೆ ದ್ರವ್ಯವು ಬೇಕು, ಸ್ತ್ರೀಗೆ ದ್ರವ್ಯವಿಲ್ಲ; ಆಕೆ ತಾನೇ ಕ್ರಯಕ್ಕೆ ಒಳಗಾದವಳು; ಆಕೆ ದುಡಿದು ಗಳಿಸಿದ್ದೂ ಪತಿಗೇ ಸೇರುವುದೆಂದು ಸ್ಮೃತಿಯಿದೆ ಎನ್ನುತ್ತಾನೆ. ಇದಕ್ಕೆ ಶಾಸ್ತ್ರವು ಕೊಡುವ ಉತ್ತರವು ಗಮನಾರ್ಹ. ವಿವಾಹದ ಕ್ರಯವು ಧರ್ಮವಿಧಿ ಮಾತ್ರ, ವ್ಯಾಪಾರವಲ್ಲ. ಫಲದಲ್ಲಿ ಉತ್ಸಾಹವು ಇಬ್ಬರಿಗೂ ಸಮ. ಸ್ತ್ರೀಗೆ ಸ್ವತ್ತು ಉಂಟೆಂಬುದನ್ನು ಶ್ರುತಿಯೇ ತೋರಿಸುತ್ತದೆ. ಶ್ರುತಿಗೆ ವಿರುದ್ಧವಾದ ಸ್ಮೃತಿಯು ಪ್ರಮಾಣವಲ್ಲ. ಬಳಿಕ ದಂಪತಿಗಳಿಗೆ ಸಹಾಧಿಕಾರವೆಂದು, ಎಂದರೆ ಇಬ್ಬರೂ ಕೂಡಿ ಒಂದೇ ಕರ್ಮದಲ್ಲಿ ಅಧಿಕಾರಿಗಳೆಂದು, ನಿರ್ಣಯವಾಗುತ್ತದೆ.

ಈ ವಿಚಾರದ ಕೊರತೆಯನ್ನು ಮರೆಮಾಡುವುದು ಪ್ರಾಮಾಣಿಕತೆಯಲ್ಲ. ಅದೇ ಪಾದದಲ್ಲಿ ಮುಂದೆ, ಪತ್ನಿಯು ವಿದ್ಯೆಯಲ್ಲಿ ಯಜಮಾನನಿಗೆ ಸಮಳಲ್ಲವಾದುದರಿಂದ ವಾಕ್ಯದಲ್ಲಿ ಹೇಳಿದಷ್ಟನ್ನೇ ಆಕೆ ಮಾಡತಕ್ಕದ್ದೆಂದು ಸಂಕೋಚವಿದೆ. ಅದಕ್ಕೂ ಮುಂದೆ ಶೂದ್ರರಿಗೆ ಅಧಿಕಾರವೇ ಇಲ್ಲವೆಂಬ ನಿರಾಕರಣವಿದೆ. ಬಾಗಿಲನ್ನು ತೆರೆದ ಕೈಯೇ ಒಳಗೆ ಗೆರೆಯನ್ನು ಎಳೆಯಿತು. ಆದುದರಿಂದ ಮೀಮಾಂಸೆಯ ನಿರ್ಣಯಗಳೆಲ್ಲವೂ ಇಂದು ಗ್ರಾಹ್ಯವೆಂದು ಹೇಳಲಾಗದು. ಗ್ರಾಹ್ಯವಾದದ್ದು ಅದರ ವಿಚಾರಕ್ರಮ. ವಾಕ್ಯದಲ್ಲಿ ಕಾಣುವ ಲಿಂಗವಚನಾದಿಗಳಲ್ಲಿ ಯಾವುದು ವಿವಕ್ಷಿತ, ಯಾವುದು ಅಲ್ಲ, ಮುಖ್ಯಾರ್ಥವನ್ನು ಬಿಟ್ಟು ಲಕ್ಷಣೆಗೆ ಹೋಗಲು ಬಾಧಕವೇನಾದರೂ ಇದೆಯೇ, ವಾಕ್ಯದ ಪ್ರಯೋಜನವೇನು, ಫಲವು ಯಾರಿಗೆ? ಈ ಪ್ರಶ್ನೆಗಳನ್ನು ಕೇಳುವ ಕ್ರಮವು ಯಾವ ಶಾಸನಕ್ಕೂ ಸಲ್ಲುತ್ತದೆ.

೪

ಈ ಕ್ರಮದಿಂದ ಪ್ರಸೂತಿ ಶಾಸನದ ವ್ಯಾಜ್ಯಗಳನ್ನು ನೋಡಿದರೆ, ಮೀಮಾಂಸೆಯ ಹೆಸರನ್ನು ಹೇಳದೆಯೇ ನ್ಯಾಯಾಧೀಶರು ಅನೇಕ ಸಲ ಅದೇ ದಾರಿಯಲ್ಲಿ ನಡೆದಿರುವುದು ತಿಳಿದುಬರುತ್ತದೆ.

ಮೊದಲನೆಯದು ವಾರವೆಂಬ ಪದದ ವಿಚಾರ. ತೋಟದ ಕೂಲಿಗಾರ್ತಿಯೊಬ್ಬಳಿಗೆ ಹನ್ನೆರಡು ವಾರಗಳ ಪ್ರಸೂತಿವೇತನವು ಸಲ್ಲಬೇಕಾಗಿತ್ತು. ವಾರಕ್ಕೆ ಆರು ದಿನ ಕೆಲಸ, ಏಳನೆಯ ದಿನ ಕೂಲಿಯಿಲ್ಲ. ಆದುದರಿಂದ ವಾರವೆಂದರೆ ಆರು ದಿನವೆಂದು ತೋಟದ ಪಕ್ಷದವರು ವಾದಿಸಿದರು. ಎಪ್ಪತ್ತೆರಡು ದಿನವೋ ಎಂಬತ್ತನಾಲ್ಕು ದಿನವೋ ಎಂಬುದು ಪ್ರಶ್ನೆ. ಹನ್ನೆರಡು ದಿನದ ಕೂಲಿಯೆಂದರೆ ಬಾಣಂತಿಯ ಮನೆಗೆ ಸಣ್ಣ ಮೊತ್ತವಲ್ಲ. ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಹೊರಟ ಈ ವ್ಯಾಜ್ಯದಲ್ಲಿ ೧೯೭೭ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾರವೆಂಬುದು ಭಾನುವಾರವೂ ಸೇರಿದ ಏಳು ದಿನಗಳ ಆವರ್ತವೆಂದು ತೀರ್ಮಾನಿಸಿತು. ಏಳು ದಿನಗಳೆಂಬ ಮುಖ್ಯಾರ್ಥಕ್ಕೆ ಇಲ್ಲಿ ಬಾಧಕವಿಲ್ಲ. ಬಾಧಕವಿಲ್ಲದೆ ಲಕ್ಷಣೆಯನ್ನು ಹಿಡಿಯಲಾಗದು. ಇದಲ್ಲದೆ ಈ ಹಣವು ಮಾಡಿದ ಕೆಲಸಕ್ಕೆ ಕೊಡುವ ಕೂಲಿಯಲ್ಲ. ತಾಯಿಯು ಬದುಕಿ, ಕುಗ್ಗಿದ ಶಕ್ತಿಯನ್ನು ಮರಳಿ ಪಡೆದು, ಮಗುವನ್ನು ಸಾಕುವುದಕ್ಕಾಗಿ ಕೊಡುವಂತಹುದು. ಹಸಿವಿಗೆ ಭಾನುವಾರದ ಬಿಡುವಿಲ್ಲವಾದುದರಿಂದ ಪ್ರಯೋಜನದ ದೃಷ್ಟಿಯಿಂದಲೂ ಏಳೇ ದಿನವೆಂದು ಒಪ್ಪಬೇಕಾಗುತ್ತದೆ.

ಎರಡನೆಯದು ಕಾಯಿದೆಯು ಹೇಳುವ ಸ್ತ್ರೀ ಯಾರೆಂಬ ವಿಚಾರ. ದೆಹಲಿಯ ನಗರಪಾಲಿಕೆಯಲ್ಲಿ ಮಸ್ಟರ್ ರೋಲ್ ಪ್ರಕಾರ ದಿನಗೂಲಿಗೆ ದುಡಿಯುತ್ತಿದ್ದ ಹೆಂಗಸರಿಗೆ, ಖಾಯಂ ನೌಕರರಲ್ಲವೆಂಬ ಕಾರಣದಿಂದ ಪ್ರಸೂತಿ ರಜೆಯು ದೊರೆಯುತ್ತಿರಲಿಲ್ಲ. ಕಾಯಿದೆಯ ವಾಕ್ಯದಲ್ಲಿ ಖಾಯಂ ಎಂಬ ವಿಶೇಷಣವಿಲ್ಲ. ವಾಕ್ಯದಲ್ಲಿಲ್ಲದ ವಿಶೇಷಣವನ್ನು ಹೊರಗಿನಿಂದ ತಂದು ಸೇರಿಸಿ ಅಧಿಕಾರವನ್ನು ಸಂಕೋಚಗೊಳಿಸುವುದು ಅಶ್ರುತಕಲ್ಪನೆಯೆಂಬ ದೋಷ. ೨೦೦೦ದ ಮಾರ್ಚಿ ೮ರಂದು ಸರ್ವೋಚ್ಚ ನ್ಯಾಯಾಲಯವು ದಿನಗೂಲಿಯ ಹೆಂಗಸರಿಗೂ ಆ ಕಾಯಿದೆಯ ಫಲವು ಸಲ್ಲತಕ್ಕದ್ದೆಂದು ತೀರ್ಪು ಕೊಟ್ಟಿತು. ಪ್ರಸೂತಿ ಸಹಾಯವನ್ನು ರಾಜ್ಯದ ಕರ್ತವ್ಯವನ್ನಾಗಿ ಮಾಡಿರುವ ಸಂವಿಧಾನದ ೪೨ನೆಯ ಅನುಚ್ಛೇದವೂ ಇಲ್ಲಿ ಆಧಾರವಾಯಿತು. ಬಸುರು ಖಾಯಂ ನೌಕರಿಗೂ ದಿನಗೂಲಿಗೂ ಭೇದವನ್ನೆಣಿಸದು.

ಮೂರನೆಯದು ಷಷ್ಠೀಸಂಬಂಧದ ವಿಚಾರ. ಕೇಂದ್ರ ಸರ್ಕಾರದ ೧೯೭೨ರ ರಜಾನಿಯಮಗಳ ೪೩ನೆಯ ನಿಯಮವು, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆಯಿರುವ ಸ್ತ್ರೀಗೆ ಪ್ರಸೂತಿ ರಜೆ ಎನ್ನುತ್ತದೆ. ಚಂಡೀಗಢದ ಶುಶ್ರೂಷಕಿಯೊಬ್ಬಳ ಪತಿಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದರು. ಆಕೆ ಅವರ ಪಾಲನೆಗಾಗಿ ರಜೆಯನ್ನು ಪಡೆದಿದ್ದಳು. ತಾನು ಹೆತ್ತ ಮೊದಲ ಮಗುವಿಗೆ ಪ್ರಸೂತಿ ರಜೆಯನ್ನು ಕೇಳಿದಾಗ, ಇದು ಮೂರನೆಯ ಮಗುವೆಂದು ನಿರಾಕರಿಸಲಾಯಿತು. ಸ್ತ್ರೀಯ ಮಕ್ಕಳು ಎಂಬ ಸಂಬಂಧವು ಜನನದಿಂದಲೋ ಪಾಲನೆಯಿಂದಲೋ? ಪಾಲನೆಯಿಂದ ಮಕ್ಕಳಾದವರನ್ನು ಅಲ್ಲಗಳೆದರೆ ಆಕೆಯ ವಾತ್ಸಲ್ಯಕ್ಕೆ ಅಪಚಾರ. ಅವರನ್ನು ಎಣಿಸಿ ಹೆರಿಗೆಯ ರಜೆಯನ್ನು ತಪ್ಪಿಸಿದರೆ ಆಕೆಯ ದೇಹಕ್ಕೆ ಅಪಚಾರ. ೨೦೨೨ರ ಆಗಸ್ಟಿನಲ್ಲಿ ನ್ಯಾಯಮೂರ್ತಿಗಳಾದ ಡಿ. ವೈ. ಚಂದ್ರಚೂಡ್ ಮತ್ತು ಎ. ಎಸ್. ಬೋಪಣ್ಣ ಅವರು, ಪ್ರಸೂತಿ ರಜೆ ಬೇರೆ, ಶಿಶುಪಾಲನಾ ರಜೆ ಬೇರೆ, ಒಂದನ್ನು ಪಡೆದುದು ಮತ್ತೊಂದಕ್ಕೆ ಬಾಧಕವಾಗದೆಂದು ನಿರ್ಣಯಿಸಿದರು. ತಂದೆ ತಾಯಿ ಅವರ ಮಕ್ಕಳು ಎಂಬುದೊಂದೇ ಕುಟುಂಬದ ಆಕಾರವಲ್ಲವೆಂಬ ಮಾತೂ ಆ ತೀರ್ಪಿನಲ್ಲಿದೆ. ಎರಡು ವಿಧಿಗಳಿಗೆ ವಿಷಯಭೇದವನ್ನು ತೋರಿಸಿ ವಿರೋಧವನ್ನು ಪರಿಹರಿಸುವ ಈ ಕ್ರಮವು ಮೀಮಾಂಸಕರಿಗೆ ಚಿರಪರಿಚಿತ.

ನಾಲ್ಕನೆಯದು ವಿವಾಹಕ್ಕೂ ಉದ್ಯೋಗಕ್ಕೂ ಕಟ್ಟಿದ ನಿಯಮಗಳ ವಿಚಾರ. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು ೧೯೪೯ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲನೆಯ ಮಹಿಳೆ. ೧೯೬೧ರ ಸೇವಾನಿಯಮಗಳ ಪ್ರಕಾರ ಸ್ತ್ರೀಯಾದ ಅಧಿಕಾರಿಯು ಮದುವೆಗೆ ಮುನ್ನ ಸರ್ಕಾರದ ಲಿಖಿತಾನುಮತಿಯನ್ನು ಪಡೆಯಬೇಕಾಗಿತ್ತು. ಮದುವೆಯ ಬಳಿಕ ಕುಟುಂಬದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಾಗಿತ್ತು. ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಷ್ಟರಲ್ಲಿ ಅವರಿಗೆ ಪದೋನ್ನತಿಯು ದೊರೆತುದರಿಂದ ಅರ್ಜಿಯು ಮುಕ್ತಾಯವಾಯಿತಾದರೂ, ೧೯೭೯ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಖಂಡಿಸಿದರು. ಕುಟುಂಬದ ಹೊಣೆಯು ಕೆಲಸಕ್ಕೆ ಅಡ್ಡಿಯೆಂಬ ಹೇತುವು ಪುರುಷನಲ್ಲಿಯೂ ಇರಬಹುದಾದುದರಿಂದ ಸ್ತ್ರೀಯನ್ನು ಮಾತ್ರ ಹೊರಗಿಡಲು ಅದು ಸಾಧಕವಾಗದು ಎಂಬುದು ಅವರ ವಾದದ ಸಾರ. ಹೇತುವು ಎರಡೂ ಪಕ್ಷಗಳಲ್ಲಿ ಸಮಾನವಾಗಿದ್ದಾಗ ಒಂದರಲ್ಲಿ ಮಾತ್ರ ಸಾಧ್ಯವನ್ನು ಸಾಧಿಸುವುದು ತರ್ಕಶಾಸ್ತ್ರಕ್ಕೆ ಸಮ್ಮತವಲ್ಲ.

ನ್ಯಾಯಾಲಯಗಳು ಎಲ್ಲೆಡೆಯೂ ಇಷ್ಟು ದೂರ ಹೋಗಲಿಲ್ಲ. ೧೯೮೧ರ ಏರ್ ಇಂಡಿಯಾ ವ್ಯಾಜ್ಯದಲ್ಲಿ ಗಗನಸಖಿಯರು ಮೊದಲನೆಯ ಬಸುರಿಗೆ ಕೆಲಸವನ್ನು ಬಿಡಬೇಕೆಂಬ ನಿಯಮವು ರದ್ದಾಯಿತು. ಆದರೆ ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ ಕೆಲಸವು ಹೋಗುವುದೆಂಬ ನಿಯಮವು ಉಳಿಯಿತು. ಪುರುಷರಾದ ಪರಿಚಾರಕರದು ಬೇರೆ ವರ್ಗ, ಗಗನಸಖಿಯರದು ಬೇರೆ ವರ್ಗ, ಆದುದರಿಂದ ಸಮತೆಯ ಪ್ರಶ್ನೆಯು ಏಳದೆಂಬುದು ಅಲ್ಲಿ ಹಿಡಿದ ದಾರಿ. ವರ್ಗವನ್ನು ಮಾಡಿದವನೇ ವರ್ಗಭೇದವನ್ನು ಹೇತುವಾಗಿ ಹೇಳಿದರೆ ಅದು ಆತ್ಮಾಶ್ರಯದೋಷಕ್ಕೆ ಗುರಿಯಾಗುವುದಿಲ್ಲವೇ? ಅಧಿಕಾರವನ್ನು ಕೊಟ್ಟು ಒಳಗೆ ಗೆರೆಯೆಳೆಯುವ ಜೈಮಿನಿಯ ಸಂಕೋಚವು ಇಲ್ಲಿ ಮತ್ತೊಮ್ಮೆ ಕಾಣುತ್ತದೆ.

೫

ವ್ಯಾಖ್ಯಾನಕ್ಕೆ ಎಲ್ಲೆಯುಂಟು. ವಾಕ್ಯವೇ ದುಷ್ಟವಾಗಿದ್ದರೆ ವ್ಯಾಖ್ಯಾತೃವು ಏನನ್ನೂ ಮಾಡಲಾರನು. ಈ ಶಾಸನದಲ್ಲಿ ಅಂತಹ ಸ್ಥಳಗಳು ಮೂರು.

ಮೊದಲನೆಯದು ಭಾರವನ್ನು ಕುರಿತದ್ದು. ೧೯೬೧ರ ಕಾಯಿದೆಯ ಐದನೆಯ ವಿಭಾಗದಲ್ಲಿ ಒಂದೇ ವಾಕ್ಯಕ್ಕೆ ಎರಡು ವಿಧೇಯಗಳಿದ್ದವು. ಸ್ತ್ರೀಯು ಪಡೆಯಲು ಅರ್ಹಳು, ಒಡೆಯನು ಕೊಡಲು ಬದ್ಧನು. ಮೊದಲನೆಯ ವಿಧೇಯವು ಅಧಿಕಾರವನ್ನು ಸ್ಥಾಪಿಸಿತು; ಅದು ಈ ಶಾಸನದ ಹಿರಿಮೆ. ಎರಡನೆಯದು ಸಮಾಜದ ಋಣವನ್ನು ಒಬ್ಬ ಒಡೆಯನ ತಲೆಯ ಮೇಲೆ ಹೊರಿಸಿತು. ಹನ್ನೆರಡು ವಾರಗಳು ಇಪ್ಪತ್ತಾರು ವಾರಗಳಾದಾಗ ಅರ್ಹತೆಯು ಬೆಳೆದಂತೆ ಭಾರವೂ ಬೆಳೆಯಿತು. ಅರ್ಧ ವರ್ಷದ ವೇತನವನ್ನು ತಾನೊಬ್ಬನೇ ಕೊಡಬೇಕಾದ ಸಣ್ಣ ಕಾರ್ಖಾನೆಯವನು, ಮದುವೆಯಾದ ತರುಣಿಯು ಕೆಲಸವನ್ನು ಕೇಳಿಕೊಂಡು ಬಂದಾಗ ಏನನ್ನು ಲೆಕ್ಕ ಹಾಕುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಕೆಲಸಕ್ಕೆ ತೆಗೆದುಕೊಳ್ಳುವಾಗ ಸ್ತ್ರೀಪುರುಷಭೇದವನ್ನು ಮಾಡಕೂಡದೆಂದು ೧೯೭೬ರ ಸಮಾನ ವೇತನ ಕಾಯಿದೆಯೂ ಅದರ ಸ್ಥಾನಕ್ಕೆ ಬಂದ ೨೦೧೯ರ ವೇತನ ಸಂಹಿತೆಯೂ ನಿಷೇಧಿಸಿದವು. ಆದರೆ ಮನಸ್ಸಿನಲ್ಲಿ ಹಾಕಿದ ಲೆಕ್ಕಕ್ಕೆ ಸಾಕ್ಷಿಯಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೧೯ರ ತನ್ನ ಮೂರನೆಯ ಒಡಂಬಡಿಕೆಯಲ್ಲಿಯೇ, ಪ್ರಸೂತಿಸಹಾಯವು ಸಾರ್ವಜನಿಕ ನಿಧಿಯಿಂದ ಇಲ್ಲವೇ ವಿಮೆಯಿಂದ ಸಲ್ಲಬೇಕೆಂದು ಹೇಳಿತ್ತು. ೧೯೫೨ರ ಮತ್ತು ೨೦೦೦ದ ಒಡಂಬಡಿಕೆಗಳು ಒಬ್ಬೊಬ್ಬ ಒಡೆಯನ ಮೇಲೆ ಪ್ರತ್ಯೇಕವಾಗಿ ಭಾರವನ್ನು ಹೊರಿಸಬಾರದೆಂಬ ತತ್ತ್ವವನ್ನು ದೃಢಪಡಿಸಿದವು. ೨೦೦೦ದ ಒಡಂಬಡಿಕೆಯು ಕೇಳುವುದು ಹದಿನಾಲ್ಕು ವಾರಗಳನ್ನು ಮಾತ್ರ. ಕಾಲದ ವಿಷಯದಲ್ಲಿ ಭಾರತದ ಶಾಸನವು ಅದನ್ನು ಬಹುದೂರ ಮೀರಿದೆ. ಭಾರವನ್ನು ಹಂಚುವ ವಿಷಯದಲ್ಲಿ ಹಿಂದೆ ಉಳಿದಿದೆ. ಹಂಚುವ ಮಾರ್ಗವು ಈ ದೇಶಕ್ಕೆ ತಿಳಿಯದ್ದೇನೂ ಅಲ್ಲ. ೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆಯು ಒಡೆಯನಿಂದಲೂ ನೌಕರನಿಂದಲೂ ವಂತಿಗೆಯನ್ನು ಕೂಡಿಸಿ ಆ ನಿಧಿಯಿಂದ ಪ್ರಸೂತಿವೇತನವನ್ನು ಕೊಡುವ ಕ್ರಮವನ್ನು ತಂದಿತ್ತು. ಭೃತ್ಯರ ಮನೆಯ ಹೆರಿಗೆಯ ಖರ್ಚನ್ನು ರಾಜಕೋಶಕ್ಕೆ ಸೇರಿಸಿದ ಕೌಟಿಲ್ಯನಿಂದ ಏನನ್ನಾದರೂ ಕಲಿಯತಕ್ಕದ್ದಿದ್ದರೆ ಅದು ಇದೇ.

ಕಾರ್ಖಾನೆ ಕಚೇರಿಗಳ ಹೊರಗೆ ಹೊಲದಲ್ಲಿಯೂ ಮನೆಗೆಲಸದಲ್ಲಿಯೂ ದುಡಿಯುವ ಹೆಂಗಸರಿಗೆ ಈ ಅಧಿಕಾರವು ತಲುಪುವುದೇ ದುರ್ಲಭ. ಅವರ ಪಾಲಿಗೆ ೨೦೧೩ರ ಆಹಾರ ಭದ್ರತಾ ಕಾಯಿದೆಯು ಕನಿಷ್ಠ ೬,೦೦೦ ರೂಪಾಯಿಯೆಂದಿತು. ೨೦೧೭ರಲ್ಲಿ ಹೊರಟ ಮಾತೃವಂದನಾ ಯೋಜನೆಯು ಮೊದಲ ಮಗುವಿಗೆ ೫,೦೦೦ ರೂಪಾಯಿಯನ್ನು ಕಂತುಗಳಲ್ಲಿ ಗೊತ್ತುಮಾಡಿತು. ಒಬ್ಬಳಿಗೆ ಇಪ್ಪತ್ತಾರು ವಾರಗಳ ಪೂರ್ಣವೇತನ, ಮತ್ತೊಬ್ಬಳಿಗೆ ಇಷ್ಟು. ವಂದನೆಯೆಂಬ ಹೆಸರೇ ಇದು ಅನುಗ್ರಹದ ಕಡೆಗೆ ವಾಲಿದ್ದೆಂಬುದನ್ನು ಸೂಚಿಸುತ್ತದೆ.

ಎರಡನೆಯದು ಕ್ರಿಯಾಪದವನ್ನು ಕುರಿತದ್ದು. ಕನ್ನಡದಲ್ಲಿ ತಕ್ಕದ್ದು ಎಂಬುದರಿಂದ ವಿಧಿಯೂ ಬಹುದು ಎಂಬುದರಿಂದ ಅನುಮತಿಯೂ ತಿಳಿಯುತ್ತವೆ. ವೇತನವನ್ನು ಕೊಡತಕ್ಕದ್ದು, ಹೆರಿಗೆಯಾದ ಆರು ವಾರ ಕೆಲಸಕ್ಕೆ ಹಚ್ಚತಕ್ಕದ್ದಲ್ಲ, ರಜೆಯಲ್ಲಿರುವಾಗ ಕೆಲಸದಿಂದ ತೆಗೆಯತಕ್ಕದ್ದಲ್ಲ, ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡತಕ್ಕದ್ದು: ಇವೆಲ್ಲವೂ ವಿಧಿನಿಷೇಧಗಳು. ಆದರೆ ೨೦೧೭ರಲ್ಲಿ ಸೇರಿದ, ರಜೆಯ ಬಳಿಕ ಮನೆಯಿಂದಲೇ ಕೆಲಸ ಮಾಡುವ ಅವಕಾಶವು ಒಡೆಯನು ಕೊಡಬಹುದಾದದ್ದು. ಶಾಸನವು ಸುಮ್ಮನಿದ್ದರೂ ಒಡೆಯನು ಅದನ್ನು ಕೊಡಬಹುದಾಗಿತ್ತಲ್ಲವೇ? ಪ್ರಾಪ್ತವಾದುದನ್ನೇ ಹೇಳುವ ವಾಕ್ಯವು ಅನುವಾದವೇ ಹೊರತು ವಿಧಿಯಲ್ಲ.

ಮೂರನೆಯದು ಎಲ್ಲಕ್ಕಿಂತಲೂ ಗಹನವಾದದ್ದು. ಐವತ್ತು ಮಂದಿ ನೌಕರರಿರುವಲ್ಲಿ ಶಿಶುಪಾಲನಾಗೃಹವಿರಬೇಕೆಂಬುದು ೨೦೧೭ರ ವಿಧಿ. ಐವತ್ತು ಎಂದು ಎಣಿಸುವಾಗ ಸ್ತ್ರೀಪುರುಷರೆಲ್ಲರನ್ನೂ ಎಣಿಸುತ್ತದೆ. ಮಗುವನ್ನು ದಿನಕ್ಕೆ ನಾಲ್ಕು ಸಲ ಹೋಗಿ ನೋಡುವ ಅವಕಾಶವನ್ನು ಸ್ತ್ರೀಗೆ ಮಾತ್ರ ಕೊಡುತ್ತದೆ. ಎಣಿಕೆಯಲ್ಲಿ ಲಿಂಗವು ಅವಿವಕ್ಷಿತ, ಅಧಿಕಾರದಲ್ಲಿ ವಿವಕ್ಷಿತ! ಹಾಲೂಡಿಸುವುದು ತಾಯಿಗೆ ನಿಯತವಾದುದರಿಂದ ಆ ಬಿಡುವಿನ ವಿಧಿಯಲ್ಲಿ ಲಿಂಗವು ವಿವಕ್ಷಿತವಾಗಿರುವುದು ಯುಕ್ತ. ಮಗುವನ್ನು ನೋಡಿ ಬರುವುದಕ್ಕೆ ಅಂತಹ ನಿಯಮವೇನಿದೆ? ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ರಜಾನಿಯಮಗಳಲ್ಲಿ ಹದಿನೈದು ದಿನಗಳ ಪಿತೃತ್ವ ರಜೆಯು ಹೇಳಲ್ಪಟ್ಟಿದೆ. ೧೯೬೧ರ ಕಾಯಿದೆಯಲ್ಲಿಯೂ ೨೦೨೦ರ ಸಂಹಿತೆಯ ಪ್ರಸೂತಿ ಅಧ್ಯಾಯದಲ್ಲಿಯೂ ತಂದೆಗೆ ರಜೆಯ ವಿಧಿಯಿಲ್ಲ. ಮಗುವು ತಾಯಿಯೊಬ್ಬಳದೆಂದು ಶಾಸನವು ಗ್ರಹಿಸಿದಷ್ಟು ಕಾಲವೂ, ಮಗುವಿನ ನಿಮಿತ್ತವಾಗಿ ಬರುವ ನಷ್ಟವೂ ತಾಯಿಯೊಬ್ಬಳದೇ ಆಗಿರುವುದು. ಯಾಗದಲ್ಲಿ ದಂಪತಿಗಳಿಗೆ ಸಹಾಧಿಕಾರವನ್ನು ಹೇಳಿದ ಶಾಸ್ತ್ರವನ್ನು ಓದಿದವರು ತೊಟ್ಟಿಲಲ್ಲಿ ಅದನ್ನು ನಿರಾಕರಿಸುವುದು ಹೇಗೆ? ಸ್ತ್ರೀಗೆ ಕೊಡುವ ಕಾಲವನ್ನು ಎಷ್ಟು ಹೆಚ್ಚಿಸಿದರೂ ಪುರುಷನಿಗೆ ಅದರಲ್ಲಿ ಪಾಲನ್ನು ವಿಧಿಸದ ಹೊರತು ಸಮತೆಯು ಅರ್ಧದಲ್ಲಿಯೇ ನಿಲ್ಲುವುದು.

೬

ಕನ್ನಡದ ಪರಿಭಾಷೆಯನ್ನು ಕುರಿತು ಎರಡು ಮಾತುಗಳು ಅವಶ್ಯ. ರಜೆಯೆಂಬುದು ಒಪ್ಪಿಗೆ, ಅಪ್ಪಣೆ ಎಂಬ ಅರ್ಥದ ಅರಬ್ಬೀ ಶಬ್ದದಿಂದ ಬಂದದ್ದು. ಸವಲತ್ತು ಎಂಬುದಕ್ಕೆ ಮೂಲದಲ್ಲಿ ಸುಲಭತೆಯೆಂದು ಅರ್ಥ. ಸೌಲಭ್ಯವೆಂಬ ಸಂಸ್ಕೃತಶಬ್ದಕ್ಕೂ ಅದೇ ಅರ್ಥ. ಈ ಮೂರೂ ಕೊಡುವವನ ದೃಷ್ಟಿಯಿಂದ ಹುಟ್ಟಿದವು. ಪಡೆಯುವವಳ ದೃಷ್ಟಿಯಿಂದ ಹುಟ್ಟಿದ ಮಾತು ಹಕ್ಕು ಒಂದೇ; ಅದೂ ಅರಬ್ಬೀ ಮೂಲದ್ದಾದರೂ ಹಳ್ಳಿಯ ಹೆಂಗಸಿನ ನಾಲಗೆಯಲ್ಲಿಯೂ ನೆಲೆಸಿದೆ. ಶಾಸನಗಳನ್ನು ಕನ್ನಡಿಸುವವರು ಪ್ರಸೂತಿ ಸೌಲಭ್ಯವೆಂದು ಬರೆದಾಗ ಅನುಗ್ರಹದ ಛಾಯೆಯು ಒಳಗೆ ಬರುತ್ತದೆ. ಹೆರಿಗೆಯ ಹಕ್ಕು ಎಂದು ಬರೆದಾಗ ಸ್ತ್ರೀಯು ವಾಕ್ಯದ ಕರ್ತೃಸ್ಥಾನಕ್ಕೆ ಬರುತ್ತಾಳೆ. ಶಿಶುಪಾಲನಾಗೃಹವೆಂಬ ದೀರ್ಘಸಮಾಸದ ಬದಲು, ಕರ್ನಾಟಕ ಸರ್ಕಾರವು ಗ್ರಾಮಪಂಚಾಯಿತಿಗಳಲ್ಲಿ ತೆರೆದ ಗೃಹಗಳಿಗೆ ಕೂಸಿನ ಮನೆ ಎಂದು ಹೆಸರಿಟ್ಟಿತು. ಅರ್ಥವು ಕೇಳಿದೊಡನೆ ತಿಳಿಯುವ ಇಂತಹ ಪದಗಳು ಶಾಸನಭಾಷೆಗೂ ಬರತಕ್ಕವು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಪ್ರಾಚೀನ ಗ್ರಂಥಗಳು ಕರುಣೆಯನ್ನು ಕಲಿಸಿದವು, ಮೀಮಾಂಸೆಯು ಅಧಿಕಾರವನ್ನು ವಿಚಾರಿಸುವ ಕ್ರಮವನ್ನು ಕಲಿಸಿ, ತಾನೇ ಅದನ್ನು ಪೂರ್ತಿಯಾಗಿ ನಡೆಸಲಾರದೆ ಹೋಯಿತು, ೧೯೬೧ರ ಶಾಸನವು ಅಧಿಕಾರವನ್ನು ಕೊಟ್ಟಿತು, ನ್ಯಾಯಾಲಯಗಳು ಪ್ರಯೋಜನವನ್ನು ಹಿಡಿದು ಓದಿದಲ್ಲೆಲ್ಲ ಆ ಅಧಿಕಾರವು ಬೆಳೆಯಿತು. ಉಳಿದದ್ದು ವ್ಯಾಖ್ಯಾನದಿಂದ ಆಗತಕ್ಕದ್ದಲ್ಲ. ಭಾರವನ್ನು ಎಲ್ಲರಿಗೂ ಹಂಚುವ, ಬಹುದೆಂಬಲ್ಲಿ ತಕ್ಕದ್ದೆಂದು ಬರೆಯುವ, ತಾಯಿಯ ಪಕ್ಕದಲ್ಲಿ ತಂದೆಯನ್ನೂ ಹೆಸರಿಸುವ ಹೊಸ ವಾಕ್ಯಗಳು ಶಾಸನದಲ್ಲಿಯೇ ಸೇರಬೇಕು. ಅಲ್ಲಿಯವರೆಗೆ ಈ ಶಾಸನವು ಉದಾರವಾದ, ಆದರೆ ಅಸಮಾಪ್ತವಾದ ವಾಕ್ಯವಾಗಿಯೇ ಉಳಿಯುವುದು.